ಹೊಸ್ತಿಲು ಕೊಯ್ಯುವ ಯಂತ್ರ

ಅವ್ವ ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ಸೊಂಟದ ಆಪರೇಷನ್ ಆದ ಮೇಲೆ ಅವಳನ್ನು ಗದಗಿನ ಕಡೆಯಿಂದ ಕುಂದಲಹಳ್ಳಿಯ ನಮ್ಮ ಬಾಡಿಗೆ ಮನೆಗೆ ಕರೆತಂದಿದ್ದೆವು. ಅವಳ ಕೋಣೆಗೂ ಬಚ್ಚಲಿಗೂ ನಡುವೆ ಇದ್ದದ್ದು ಒಂದೇ ಅಡ್ಡಿ, ಕೋಣೆಯ ಹೊಸ್ತಿಲು. ಮೂರು ಬೆರಳು ಎತ್ತರದ ಹಳೇ ಮರ. ವಾಕರ್ ಹಿಡಿದು ಅಲ್ಲಿಯವರೆಗೆ ಚೆನ್ನಾಗಿಯೇ ಬರುವಳು, ನಿಲ್ಲುವಳು, ನಿಂತಲ್ಲೇ ಸೀರೆ ಒದ್ದೆಯಾಗುವುದು. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ. ಇಡೀ ಓಣಿಗೆ ಬುದ್ಧಿ ಹೇಳಿದ ಹೆಂಗಸು ಹಾಗೆ ನಾಚಿಕೆಯಲ್ಲಿ ಮುದುಡಿ ಮಲಗುತ್ತಿದ್ದಳು.

"ಕಾಲು ಎತ್ತಿ ಇಡವ್ವ" ಎಂದರೆ, "ಹೆಂಗ ಇಡ್ಲೋ? ಅಲ್ಲಿ ಯಾರೋ ಕುಂತಾಳ. ಕುಂತವರನ್ನ ದಾಟಬಾರದು" ಅನ್ನುವಳು.

ನಮ್ಮ ಕಡೆ ಕೂತವರನ್ನಾಗಲಿ ಮಲಗಿದವರನ್ನಾಗಲಿ ದಾಟುವಂತಿಲ್ಲ. ಚಿಕ್ಕವನಿದ್ದಾಗ ಮಲಗಿದ್ದ ತಂಗಿಯನ್ನು ದಾಟಿದ್ದಕ್ಕೆ ಇದೇ ಅವ್ವ ಬೆನ್ನಿಗೊಂದು ಗುದ್ದಿ, ಮತ್ತೆ ವಾಪಸ್ ದಾಟಿಸಿದ್ದಳು. ಹಾಗಾಗಿ ಅವಳ ಮಾತು ನನಗೆ ಅರ್ಥವಾಗುತ್ತಿತ್ತು. ಕೂತವಳು ಮಾತ್ರ ಕಾಣುತ್ತಿರಲಿಲ್ಲ. ಯಾರು, ಏನು ಮಾಡುತ್ತಿದ್ದಾಳೆ ಎಂದು ಕೇಳಿದರೆ, "ಮಡಿಲಾಗ ಹಾಕ್ಕೊಂಡು ಏನೋ ಬಿಡಿಸಾಕತ್ತಾಳ. ಕರದ್ರ ತಲೀನ ಎತ್ತಂಗಿಲ್ಲ" ಎಂದಳು.

ಡಾಕ್ಟರು, ಈ ವಯಸ್ಸಿಗೆ ಇಂಥದ್ದೆಲ್ಲ ಆಗುತ್ತದೆ ಎಂದು ಮಾತ್ರೆ ಬರೆದರು. ದೆವ್ವ ಭೂತದ ವಿಷಯದಲ್ಲಿ ನನಗೆ ಭಯಕ್ಕಿಂತ ಸಿಟ್ಟು ಜಾಸ್ತಿ. ಹೊಸ್ತಿಲಿದ್ದರೆ ತಾನೇ ಅದರ ಮೇಲೆ ಕೂರುವುದು, ಹೊಸ್ತಿಲನ್ನೇ ತೆಗೆಸಿಬಿಡೋಣ ಎಂದುಕೊಂಡೆ. ಬಂದ ಬಡಗಿ ಅದನ್ನು ನೋಡಿ ಕೆನ್ನೆ ಬಡಿದುಕೊಂಡ. "ಬೇರೆ ಏನ್ ಬೇಕಾದ್ರೂ ಮಾಡ್ಕೊಡ್ತೀನಿ ಸಾರ್. ಅರಿಶಿನ ಕುಂಕುಮ ಇಟ್ಟಿರೋ ಮರಕ್ಕೆ ಗರಗಸ ಹಾಕಲ್ಲ" ಎಂದು ಚೀಲ ಎತ್ತಿಕೊಂಡು ಹೋದ. ಸರಿ, ನಾನೇ ಕೊಯ್ಯುತ್ತೇನೆ ಎಂದು ಹಟ ಹಿಡಿದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ನಾನು ಕೇಳಿದ್ದು ಚಕ್ರದಂಥ ಬ್ಲೇಡಿನ, ಕೊಯ್ಯುವ ಗ್ರೈಂಡರ್. ಅಂಗಡಿಯವರು ತಲೆಯಾಡಿಸಿದರು. "ಅದು ಗಿರಗಿರ ತಿರುಗುತ್ತೆ ಸಾರ್, ಮರ ಕಚ್ಕೊಂಡ್ರೆ ಕೈಯಿಂದ ಎಗರುತ್ತೆ. ಚೌಕಟ್ಟಿನ ಮೂಲೆಗೂ ಹೋಗಲ್ಲ. ನಿಮ್ಗೆ ಬೇಕಾಗಿರೋದು ಮಲ್ಟಿ ಟೂಲ್" ಎಂದು ಒಂದಡಿ ಉದ್ದದ ಯಂತ್ರವೊಂದನ್ನು ಕೈಗಿಟ್ಟರು. ಅದರ ತುದಿಯ ಚಪ್ಪಟೆ ಬ್ಲೇಡು ತಿರುಗುವುದಿಲ್ಲ, ಇದ್ದಲ್ಲೇ ಅತ್ತಿತ್ತ ನಡುಗುತ್ತದೆ. ಎಷ್ಟು ಸಣ್ಣ ನಡುಕವೆಂದರೆ ಚಾಲೂ ಮಾಡಿದರೂ ಬ್ಲೇಡು ಸುಮ್ಮನೆ ನಿಂತಂತೆಯೇ ಕಾಣುತ್ತಿತ್ತು. ನೆಲಕ್ಕೆ ಒರಗಿಸಿ ಹಿಡಿದರೆ ಟೈಲ್ಸ್ ಮುಟ್ಟದೆ ಮರವನ್ನಷ್ಟೇ ಕೊಯ್ಯಬಹುದಂತೆ. ಬ್ಯಾಟರಿಯದ್ದು ಹಗುರ, ಆದರೆ ಹಳೇ ಮರಕ್ಕೆ ಅರ್ಧದಲ್ಲೇ ಉಸಿರು ಬಿಡುತ್ತದೆ ಎಂದು ವೈರಿನದ್ದನ್ನೇ ಆರಿಸಿಕೊಂಡೆ. ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ ಇರಬೇಕು, ಇಲ್ಲದಿದ್ದರೆ ಮರ ಸುಟ್ಟು ಕಪ್ಪಾಗುತ್ತದೆ ಎಂದರು. ಒಳಗೆ ಮೊಳೆ ಸಿಕ್ಕರೆ ಅದನ್ನೂ ಕೊಯ್ಯುವ ಬ್ಲೇಡನ್ನು ಬೇರೆ ಕೊಟ್ಟರು. "ಹಳೇ ಮರದಲ್ಲಿ ಏನಿರುತ್ತೋ ಯಾರಿಗ್ ಗೊತ್ತು ಸಾರ್" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಬಾಡಿಗೆ ಮನೆಯಲ್ಲವೇ, ಕೇಳದೆ ಕೊಯ್ಯಲಾದೀತೇ? ಕೆಳಗೆ ಮಾಲೀಕರ ಮನೆಗೆ ಹೋದೆ. ಐಟಿ ಕಂಪನಿಗಳು ಬರುವ ಮೊದಲು ಅವರದು ಇಲ್ಲಿಯೇ ರಾಗಿ ಹೊಲ. ಆ ಅಮ್ಮ ಧಾರಾಳವಾಗಿ ಒಪ್ಪಿದರು. "ಕುಯ್ಕಳಿ ಸಾರ್, ಅದ್ಕೇನಂತೆ. ಅಳೇ ಮನೆ ಕೆಡವ್ದಾಗ ಮರ ಗಟ್ಟಿ ಐತೆ ಅಂತ ನಮ್ಮೆಜಮಾನ್ರು ಅದ್ನ ಅಲ್ಲಿಗಾಕ್ಸಿದ್ರು. ನಮ್ಮತ್ತೆ ಜಾಗ ಅದು. ಒಸ್ಲು ಮ್ಯಾಲೆ ಕುಂತ್ಕಬ್ಯಾಡಿ ಅಂದ್ರೆ ಕೇಳ್ತಾನೇ ಇರ್ಲಿಲ್ಲ. ಅವ್ರೆಕಾಯಿ ಬುಡುಸ್ತಾ ಬುಡುಸ್ತಾನೇ ಓಗ್ಬುಟ್ರು." ಅಷ್ಟು ಹೇಳಿ, ಕಾಫಿ ಕುಡೀತೀರಾ ಎಂದು ಕೇಳಿದರು. ನಾನು ಬೇಡವೆಂದು ಮೆಟ್ಟಿಲು ಹತ್ತಿ ಬಂದೆ. ಅವ್ವ ಈ ಮನೆಗೆ ಬಂದ ಮೇಲೆ ಒಮ್ಮೆಯೂ ಕೆಳಗಿಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಕನ್ನಡಕ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ ಕೂತೆ. ಎರಡು ತುದಿಯಲ್ಲಿ ಚೌಕಟ್ಟಿಗೆ ಅಂಟಿದಂತೆ ಕೊಯ್ದೆ, ಆಮೇಲೆ ನೆಲದ ಗುಂಟ. ಜೀರುಂಡೆಯಂಥ ಸದ್ದು. ಏಪ್ರಿಲ್ ಬಿಸಿಲಿನಲ್ಲಿ ಮರದ ಪುಡಿಯಿಂದ ಘಮ್ಮೆಂದು ಎದ್ದದ್ದು ಅವರೆಕಾಯಿಯ ಸೊಗಡು. ಅಡುಗೆಮನೆಯಿಂದ ನನ್ನ ಹೆಂಡತಿ, "ಈಗೆಲ್ಲಿ ಸಿಕ್ತುರೀ ಅವರೆಕಾಯಿ?" ಎಂದು ಕೇಳಿದಳು. ನಾನು ಬ್ಲೇಡನ್ನು ಮತ್ತೆ ಮರಕ್ಕೆ ಒತ್ತಿದೆ.

ಕೊಯ್ದು ಮುಗಿಸಿ ಗುಡಿಸಿದ ಮೇಲೆ ಅವ್ವ ಬಂದಳು. ವಾಕರ್ ಸಲೀಸಾಗಿ ದಾಟಿತು. ತಾನೇ ಬಚ್ಚಲಿಗೆ ಹೋಗಿ, ತಾನೇ ಬಾಗಿಲು ಹಾಕಿಕೊಂಡಳು. ಆ ಚಿಲಕದ ಸದ್ದು ಕೇಳಿ ನನಗೆ ಅಳುವೇ ಬಂತು. ಹೊರಗೆ ಬಂದವಳು ನನ್ನ ಹೆಗಲ ಆಚೆ ನೋಡಿದಳು. "ನಿನ್ನ ಹಿಂದ ನಿಂತಾಳ ನೋಡು. ವಯಸ್ಸಾದಾಕಿ, ಎಷ್ಟೊತ್ತಂತ ನಿಂತಾಳು? ಕುರ್ಚಿ ಕೊಡೋ."

ಬಂದವರನ್ನು ನಿಲ್ಲಿಸಿ ಮಾತಾಡಿಸುವ ಮನೆತನವಲ್ಲ ನಮ್ಮದು. ಮೊದಲು ಕೂರು ಅನ್ನಬೇಕು, ನೀರು ಕೊಡಬೇಕು, ಆಮೇಲೆ ಯಾರು ಏನು ಎಂಬ ವಿಚಾರಣೆ. ಬುದ್ಧಿ ಬೇಡ ಅನ್ನುವಷ್ಟರಲ್ಲಿ ನನ್ನ ಕೈ ಬಾಗಿಲ ಪಕ್ಕದ ನೀಲಿ ಪ್ಲಾಸ್ಟಿಕ್ ಕುರ್ಚಿಯನ್ನು ಹಿಂದಕ್ಕೆ ಸರಿಸಿಯಾಗಿತ್ತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಹೊಸ್ತಿಲಲ್ಲಿದ್ದವಳನ್ನು ಕರೆದು ಮನೆಯೊಳಗೆ ಕೂರಿಸಿದ್ದೇನೆ ಎಂದು ಹೊಳೆದದ್ದು ಊಟಕ್ಕೆ ಕೂತಾಗ.

ಅವ್ವ ಚೇತರಿಸಿಕೊಂಡಳು. ಹೋಗುವಾಗ ಬರುವಾಗ ಕುರ್ಚಿಗೊಂದು ಮಾತು, ಬಿಸಿಲು ಹೆಚ್ಚಾಯ್ತು ಎಂದೋ, ಚಹಾ ಆಯ್ತೇ ಎಂದೋ. ಹೆಂಡತಿ ಅದನ್ನು ಒಮ್ಮೆ ಬಾಲ್ಕನಿಗೆ ಹಾಕಿದಳು. ಮರುದಿನ ಅವ್ವ ಹೊಸ್ತಿಲಿಲ್ಲದ ಬಾಗಿಲಲ್ಲಿ ನಿಂತೇಬಿಟ್ಟಳು, ಸೀರೆ ಒದ್ದೆಯಾಯಿತು. ಕುರ್ಚಿ ವಾಪಸ್ ಬಂತು. ನಾವ್ಯಾರೂ ಅದರ ಮೇಲೆ ಕೂರುತ್ತಿರಲಿಲ್ಲ. ಯಾರೂ ಹಾಗಂತ ಹೇಳಿಕೊಂಡೂ ಇರಲಿಲ್ಲ.

ಮೊನ್ನೆ ಮಧ್ಯಾಹ್ನ ನಾನು ಹಾಲ್‌ನಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದೆ. ಬಚ್ಚಲಿನಿಂದ ಬಂದ ಅವ್ವ ಮಂಚದ ಕಡೆ ಹೋಗದೆ ಕುರ್ಚಿಯ ಮುಂದೆ ನಿಂತು ಯಾರಿಗೋ ಹೂಂಗುಡುತ್ತಿದ್ದಳು. ಮುಖದಲ್ಲಿ ಎಂದೂ ಕಾಣದ ಸಮಾಧಾನ.

"ಏನವ್ವ?"

"ಆಕಿ ಎದ್ದಾಳ. ನಾ ಹೊಂಟೆ, ಇನ್ನ ಈ ಜಾಗ ನಿಂದವ್ವ, ಕುಂದ್ರು ಅನ್ನಾಕತ್ತಾಳ" ಎಂದಳು. ವಾಕರ್ ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ಕೂರಲು ಬಾಗಿದಳು.

ಹೆಡ್‌ಫೋನ್ ಕಿತ್ತೆಸೆದು ಓಡಿ, ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಆ ಕುರ್ಚಿಯ ಮೇಲೆ ನಾನೇ ಕೂತುಬಿಟ್ಟೆ.

"ಏಳೋ, ನನಗ ಕೊಟ್ಟಿದ್ದದು" ಎಂದು ಅವ್ವ ಬೈದಳು.

"ಇಲ್ಲವ್ವ, ನೀ ಹೋಗಿ ಮಲಕ್ಕೋ" ಎಂದೆ. ಅವಳು ಗೊಣಗುತ್ತ ಮಂಚದ ಕಡೆ ಹೋದಳು. ನಾನು ಏಳಲಿಲ್ಲ.