ಬನ್ನಿನ ಹಿಟ್ಟಿಗೆ ತರಿಸಿದ ಸೇಂದಿ

ಮಲ್ಲಪ್ಪಾ, ಆ ದಿನ ನಿನ್ನ ಅಂಗಿಯ ಮೇಲೆ ಚೆಲ್ಲಿದ್ದ ಸೇಂದಿ ನನ್ನದು. ನಾನೇ ನಿನ್ನ ಕೈಯಲ್ಲಿ ತರಿಸಿದ್ದೆ — ಕುಡಿಯಲಿಕ್ಕಲ್ಲ, ಬನ್ನಿನ ಹಿಟ್ಟಿಗೆ ಹುದುಗು ಬರಲಿಕ್ಕೆ. ಇದು ನಿನಗೆ ಗೊತ್ತಿಲ್ಲದ ಮಾತಲ್ಲ. ಆದರೆ ನಿನ್ನ ಅವ್ವನ ಮುಂದೆ ನನ್ನ ಬಾಯಿಂದ ಬರಬೇಕಾಗಿತ್ತು, ಬರಲಿಲ್ಲ. ನಿನಗೆ ಗೊತ್ತಿಲ್ಲದ ಇನ್ನೊಂದೂ ಇದೆ. ಅದನ್ನು ಹೇಳಲು ಎದೆ ಗಟ್ಟಿಯಾಗಬೇಕು. ಮೊದಲು ಗೊತ್ತಿರುವುದನ್ನೇ ಒಪ್ಪಿಕೊಳ್ಳುತ್ತೇನೆ.

ಶಹಾಪುರದ ಈ ಮನೆಗೆ ನಾನು ನಿನ್ನ ಅಣ್ಣನ ಹೆಂಡತಿಯಾಗಿ, ಹಿರಿಸೊಸೆಯಾಗಿ ಬಂದಾಗ ಕಾಲುವೆ ನೀರು ನಮ್ಮ ಹೊಲಕ್ಕೆ ಹೊಸದು. ಜೋಳದ ಜಾಗದಲ್ಲಿ ಭತ್ತ ನಿಂತಿತ್ತು. ಕಾಲುವೆ ಕೆಲಸದವರ ಕ್ಯಾಂಪಿನಲ್ಲಿ ಅಡುಗೆ ಮಾಡುತ್ತಿದ್ದ ಮರಿಯಮ್ಮ ನನಗೆ ಬನ್ನು ಕಲಿಸಿದಳು. ಭಟ್ಟಿ ಇಲ್ಲದಿದ್ದರೇನಂತೆ — ದಪ್ಪ ತಳದ ಬೋಗುಣಿಯಲ್ಲಿ ಉಸುಕು ಕಾಯಿಸಿ, ಒಳಗೆ ತಾಟು ಇಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದರೆ ಅದೇ ಭಟ್ಟಿ. ಬೆಲ್ಲ, ಏಲಕ್ಕಿ, ಒಣಶುಂಠಿ, ಒಂದಿಷ್ಟು ಜಾಜಿಕಾಯಿ. ಹಿಟ್ಟು ಉಬ್ಬಲು ಮಾತ್ರ ಬೆಳಗಿನ ತಾಜಾ ಸೇಂದಿಯೇ ಆಗಬೇಕೆಂದಳು. ನಾನು ಮೊಸರು ಹಾಕಿ ನೋಡಿದೆ, ಬನ್ನು ಕಲ್ಲಾಯಿತು. ಕವಣೆಯಲ್ಲಿಟ್ಟು ಗುಬ್ಬಿ ಹೊಡೆಯಬಹುದು ಎಂದು ನೀನು ನಕ್ಕಿದ್ದೆ.

ಅತ್ತೆಗೆ ಸೇಂದಿ ಎಂಬ ಮಾತೇ ಆಗದು. ಮಾವನನ್ನು ನುಂಗಿದ್ದು ಅದೇ. ಮಾವನ ಮಣ್ಣು ಮುಗಿಸಿ ಬಂದ ದಿನವೇ, ಇನ್ನು ಅದನ್ನು ಮುಟ್ಟುವುದಿಲ್ಲವೆಂದು ಅಣ್ಣತಮ್ಮಂದಿರಾದ ನಿಮ್ಮಿಬ್ಬರಿಂದ ಆಣೆ ಮಾಡಿಸಿಕೊಂಡಿದ್ದಳು. ಅದು ಗೊತ್ತಿದ್ದೂ ನಾನು ನಿನ್ನನ್ನು ಕಳಿಸಿದೆ. ಹೊಸ ಸೊಸೆ ಈಚಲ ಮರದ ಬುಡಕ್ಕೆ ಹೋಗುವಂತಿರಲಿಲ್ಲ — ನೀನೋ, ವೈನಿ ಹೇಳಿದರೆ ಮುಗಿಯಿತು ಎನ್ನುವವನು. ಅರ್ಧ ಹಲ್ಲು ಉದುರಿದ್ದ ಅತ್ತೆ ಆ ಮೆತ್ತನೆಯ ಬನ್ನು ತಿಂದು, ಇದಕ್ಕೆ ಏನು ಹಾಕಿದೆ ಎಂದು ಅಕ್ಕರೆಯಿಂದ ಕೇಳಿದಳು. ಮೊಸರು ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅಲ್ಲಿಂದ ಪ್ರತಿ ಶೀಗಿ ಹುಣ್ಣಿಮೆಗೆ ಬುತ್ತಿಯ ಜೊತೆ ನನ್ನ ಬನ್ನೂ ಹೊಲಕ್ಕೆ ಹೋಗತೊಡಗಿತು. ಬೆಳೆಗೆ ಎಡೆಯ ಚರಗ ಚೆಲ್ಲುವಾಗ ಅತ್ತೆ ಅದನ್ನೂ ಮುರಿದು ಚೆಲ್ಲುತ್ತಿದ್ದಳು. ಭೂಮಿತಾಯಿಗೂ ಸುಳ್ಳನ್ನೇ ಉಣಿಸಿದೆ ನಾನು.

ಒಂದು ವರ್ಷ ಅದೇ ಹುಣ್ಣಿಮೆಯ ಮುಂಜಾನೆ ಸೇಂದಿ ತರುವಾಗ ನೀನು ಎಡವಿ ಬಿದ್ದು ಅಂಗಿಯ ಮೇಲೆ ಚೆಲ್ಲಿಕೊಂಡೆ. ತಂಬಿಗೆ ಹಿತ್ತಲಲ್ಲಿ ನನಗೆ ಕೊಟ್ಟು ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದಾಗ, ನಿನ್ನ ತಲೆಗೆ ಹತ್ತಿದ್ದ ಕಸ ತೆಗೆಯಲೆಂದು ಅತ್ತೆ ಹತ್ತಿರ ಬಂದಳು. ಅಂಗಿಯ ವಾಸನೆ ಬಡಿಯಿತು. ಕೈ ಅಲ್ಲೇ ನಿಂತಿತು.

"ನೀನೂ ನಿಮ್ಮಪ್ಪನ ಹಾದೀನ ಹಿಡದೆಪ್ಪಾ?"

ಕೂಗಲಿಲ್ಲ, ಬೈಯಲಿಲ್ಲ. ನೀನು ನನ್ನ ಕಡೆ ನೋಡಿದೆ. ನಾನು — ಹಿಟ್ಟು ನಾದುತ್ತಿದ್ದೆ. ನಾದುತ್ತಲೇ ಇದ್ದೆ. ಅತ್ತೀ, ಅದು ನಂದ್ರಿ — ಇಷ್ಟು ಹೇಳಿದ್ದರೆ ಸಾಕಿತ್ತು. ಬೈಯುತ್ತಿದ್ದಳು, ಒಂದೆರಡು ದಿನ ಮಾತು ಬಿಡುತ್ತಿದ್ದಳು. ಆದರೆ ಸೊಸೆಯ ಕೈ ಬಂಗಾರ ಎಂದು ಓಣಿಗೆಲ್ಲ ಹೇಳಿಕೊಂಡು ಬಂದವಳು ಆಕೆ. ಆ ಹೊಗಳಿಕೆ ಬಿಡಲು ನನಗೆ ಮನಸ್ಸಾಗಲಿಲ್ಲ. ನೀನು ತಲೆ ತಗ್ಗಿಸಿದೆ. ಈಚಲ ಮರದ ಕೆಳಗೆ ಕೂತು ಹಾಲು ಕುಡಿದರೂ ಯಾರೂ ನಂಬುವುದಿಲ್ಲ ಎನ್ನುತ್ತಾರೆ — ನೀನು ಅಲ್ಲಿ ಕೂತವನೂ ಅಲ್ಲ.

ಮಧ್ಯಾಹ್ನ ಹೊಲದಲ್ಲಿ ಅತ್ತೆ ಎಂದಿನಂತೆ ಎಲ್ಲರನ್ನೂ ಸುತ್ತ ಕೂಡಿಸಿಕೊಂಡು ಕೈತುತ್ತು ಕೊಟ್ಟಳು. ನಿನ್ನ ಸರದಿಯ ತುತ್ತು ನಿನ್ನನ್ನು ದಾಟಿ ನನ್ನ ಅಂಗೈಗೆ ಬಂತು. ನಾನು ಅದನ್ನು ಉಂಡೆ. ಎತ್ತಿಗೆ ನೀರು ಕುಡಿಸುವ ನೆವದಲ್ಲಿ ನೀನು ಕಾಲುವೆಯ ಕಡೆ ಎದ್ದು ಹೋದೆ. ಆಮೇಲೆ ನಿನಗೆ ಮದುವೆಯಾಯಿತು, ಮಕ್ಕಳಾದರು. ಆದರೂ ನೀನು ಹತ್ತಿರ ಬಂದಾಗಲೆಲ್ಲ ಆಕೆ ಮೊದಲು ಮೂಸುತ್ತಿದ್ದಳು. ಕೈತುತ್ತಂತೂ ಇಲ್ಲವೇ ಇಲ್ಲ. ನೀನು ಮಾತ್ರ ನನ್ನೊಡನೆ ಮೊದಲಿನ ಹಾಗೇ ಇದ್ದೆ — ವೈನಿ, ಬನ್ನು ಯಾವಾಗ ಎಂದು ಕೇಳುವುದನ್ನು ಸಹ ಬಿಡಲಿಲ್ಲ. ನಾನೂ ಮಾಡುತ್ತಲೇ ಹೋದೆ, ಪೇಟೆಯಲ್ಲಿ ಸಿಗತೊಡಗಿದ ಈಸ್ಟ್ ಹಾಕಿ.

ಈಗ ನಿನಗೆ ಗೊತ್ತಿಲ್ಲದ್ದು. ಅತ್ತೆಯ ಕೊನೆಯ ದಿನಗಳಲ್ಲಿ ಒಮ್ಮೆ ನೀನು ಔಷಧಿಗೆಂದು ಯಾದಗಿರಿಗೆ ಹೋಗಿದ್ದೆ. ನಾನು ಹಾಲಿನಲ್ಲಿ ಬನ್ನು ನೆನೆಸಿ ಆಕೆಗೆ ತಿನ್ನಿಸುತ್ತಿದ್ದೆ. ಕೋಣೆಯಲ್ಲಿ ನಾವಿಬ್ಬರೇ. ಆಕೆ ನನ್ನ ಕೈ ಹಿಡಿದಳು.

"ಸಣ್ಣಾವ ಇನ್ನೂ ಕುಡೀತಾನೇನವ್ವ?"

ಆತ ಒಂದು ಹನಿಯನ್ನೂ ಮುಟ್ಟಿದವನಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು, ನಿಜವಾಗಿಯೂ ಬಂದಿತ್ತು — ಆದರೆ ನಾನು ಹೇಳಿದ್ದು ಬೇರೆ.

"ಇಲ್ರಿ ಅತ್ತಿ. ಬಿಟ್ಟಾನ."

"ನೀನ ಬಿಡಿಸಿದಿ ನೋಡವ್ವ," ಎಂದು ಆಕೆ ನನ್ನ ತಲೆ ಸವರಿದಳು. "ನಿನ್ನ ಹೊಟ್ಟಿ ತಣ್ಣಗಿರಲಿ."

ಸಂಜೆ ನೀನು ಬಂದಾಗ ಆಕೆ ನಿನ್ನನ್ನು ಮಗ್ಗುಲಲ್ಲಿ ಕೂಡಿಸಿಕೊಂಡು, ಉಳಿದ ಬನ್ನಿನ ಒಂದು ಚೂರನ್ನು ನಿನ್ನ ಬಾಯಿಗಿಟ್ಟಳು. ಅಷ್ಟು ದೊಡ್ಡ ಆಳು ನೀನು, ಹುಡುಗನ ಹಾಗೆ ಅತ್ತುಬಿಟ್ಟೆ. ಅವ್ವ ಕೊನೆಗೂ ನನ್ನನ್ನು ನಂಬಿದಳು ಎಂದು ಇವತ್ತಿಗೂ ನಿನ್ನ ಮಕ್ಕಳಿಗೆ ಹೇಳುತ್ತೀ. ಇಲ್ಲ ಮಲ್ಲಪ್ಪಾ. ಆಕೆ ನಂಬಲಿಲ್ಲ. ಕ್ಷಮಿಸಿದಳು — ನೀನು ಮಾಡದ ತಪ್ಪಿಗೆ.

ಇದನ್ನು ನಿನ್ನ ಹೆಂಡತಿ ಮಕ್ಕಳ ಮುಂದೆ, ನನ್ನ ಮಕ್ಕಳ ಮುಂದೆ, ನಾನೇ ನಿಂತು ಹೇಳುತ್ತೇನೆ. ಹೋಗಲಿ ಬಿಡ್ರಿ ವೈನಿ ಎನ್ನುತ್ತೀ, ಬಲ್ಲೆ. ಈ ಒಂದು ಸಲ ನಿನ್ನ ಮಾತು ಕೇಳುವುದಿಲ್ಲ.