ಪಾಚಿ ಕಂಡ ಕ್ಯಾನು, ನಾನು ಹಾಕಿದ ಸಹಿ

ಹೋದ ಸೋಮವಾರ ಕುಡಿಯುವ ನೀರಿನ ಕ್ಯಾನಿಗಾಗಿ ನಾಲ್ಕು ಕಡೆ ಫೋನ್ ಮಾಡಿದೆ. ರೇಟು ಹೇಳುವ ಮೊದಲೇ ನಾಲ್ಕೂ ಜನ ಕೇಳಿದ್ದು ಒಂದೇ: “ಯಾವ ಓಣಿರೀ?”

ಓಣಿಯ ಹೆಸರು ಹೇಳಿದೆ.

“ಅದು ಪಂಪಣ್ಣನ ಏರಿಯಾ ಐತ್ರಿ. ನಾವು ಬರಂಗಿಲ್ಲ.”

(ಹೊಸಪೇಟೆಯವರು ನಾವು. ಡ್ಯಾಮಿನ ಮಗ್ಗುಲಲ್ಲೇ ಇದ್ದು ನೀರು ಕೊಂಡು ಕುಡಿಯುತ್ತೇವೆ. ಆ ನಾಚಿಕೆ ಬೇರೆ. ಇವತ್ತು ಹೇಳಬೇಕಾದದ್ದು ಇನ್ನೊಂದು.)

ಪಂಪಣ್ಣ ನಮ್ಮ ಓಣಿಗೆ ಎಷ್ಟೋ ವರ್ಷದಿಂದ ನೀರು ಹಾಕುವವನು. ಈಚೆಗೆ ಮೆಟ್ಟಿಲು ಹತ್ತುವುದಿಲ್ಲ. ಕ್ಯಾನನ್ನು ಗೇಟಿನಲ್ಲಿಟ್ಟು, ಹಾರ್ನ್ ಹೊಡೆದು ಹೋಗುತ್ತಾನೆ. ಮೊಣಕಾಲು ನೋವಿನ ನಾನು ಎರಡನೇ ಮಹಡಿಗೆ ಅರ್ಧರ್ಧ ಕೊಡ ಹೊರುತ್ತೇನೆ. ಕೇಳಿದರೆ, “ಬ್ಯಾಡಂದ್ರ ಬಿಡ್ರಿ ಅಕ್ಕಾರ” ಎನ್ನುತ್ತಾನೆ. ಬಿಟ್ಟು ಎಲ್ಲಿಗೆ ಹೋಗಲಿ?

ಹೋದ ವರ್ಷ ಹೀಗಿರಲಿಲ್ಲ. ಕಂಪ್ಲಿ ಕಡೆಯ ಹುಲಿಗೆಮ್ಮ ಎಂಬಾಕೆ ಬಡಾವಣೆಯ ತುದಿಯಲ್ಲಿ ಸಣ್ಣ ನೀರಿನ ಘಟಕ ಹಾಕಿದ್ದಳು. ಓಣಿ ಗೀಣಿ ನೋಡದೆ ಕರೆದವರ ಮನೆಗೆಲ್ಲ ಹೋಗುತ್ತಿದ್ದಳು. ರೇಟೂ ಕಡಿಮೆ. ಅಡುಗೆಮನೆಯವರೆಗೂ ತಂದಿಡುತ್ತಿದ್ದಳು. ತಿಂಗಳೊಳಗೆ ಪಂಪಣ್ಣನೂ ಮೆಟ್ಟಿಲು ಹತ್ತತೊಡಗಿದ. ಕ್ಯಾನ್ ತಿಕ್ಕಿ ತೊಳೆಯತೊಡಗಿದ! ನಮ್ಮನ್ನು ಕಾಪಾಡಿದ್ದು ಯಾವ ಕಾನೂನು ಹೇಳಿ? ಆಕೆಯ ಗಾಡಿ.

ಒಂದು ದಿನ ಹುಲಿಗೆಮ್ಮನ ಕ್ಯಾನಿನ ತಳದಲ್ಲಿ ಪಾಚಿ ಕಂಡಿತು. ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಬೇರೆ ಕ್ಯಾನ್ ತಂದಿಟ್ಟು, “ತಪ್ಪಾತ್ರಿ ಅಕ್ಕಾರ” ಅಂದಳು. ಪಾಚಿ, ಬದಲಿ ಕ್ಯಾನು ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆದುಕೊಂಡೆ. (ಹಾಲು, ಗ್ಯಾಸು, ನೀರು ಎಲ್ಲವನ್ನೂ ಬರೆದಿಡುವ ಚಟ ನನ್ನದು.)

ಸುದ್ದಿ ಪಂಪಣ್ಣನಿಗೆ ಮುಟ್ಟಿತು. ಮರುವಾರವೇ ಟೈಪ್ ಮಾಡಿಸಿದ ದೂರು ಹಿಡಿದು ಬಂದ. ‘ಗ್ರಾಹಕರ ಹಿತದೃಷ್ಟಿಯಿಂದ’ ಎಂದೇ ಶುರು.

“ಪೇಪರ್‌ನ್ಯಾಗ ಬರಿಯೋರು ನೀವು. ಮೊದಲ ಸಹಿ ನಿಮ್ದಾದ್ರ ಭಾಳ ತೂಕ ಬರ್ತೈತ್ರಿ.”

ಉಬ್ಬಿಹೋದೆ. ಪಾಚಿಯ ಮಾತು ಅದರಲ್ಲಿತ್ತು. ಬದಲಿ ಕ್ಯಾನಿನ ಮಾತು ಇರಲಿಲ್ಲ. ನೋಡಿಯೂ ಸಹಿ ಹಾಕಿದೆ. ನನ್ನದನ್ನು ನೋಡಿ ಹನ್ನೊಂದು ಮನೆಯವರು ಹಾಕಿದರು.

ಅಧಿಕಾರಿಗಳು ಬಂದರು, ಘಟಕಕ್ಕೆ ಬೀಗ ಬಿತ್ತು. ಪಂಪಣ್ಣನ ರೇಟು ಏರಿತು, ಕಾಲು ಗೇಟಿನಲ್ಲೇ ನಿಂತಿತು.

ಸರಕು ಚೊಕ್ಕಟವೇ ಎಂದು ನೋಡಲು ಒಂದು ಕಾನೂನು. ಮಾರುವವರು ಒಳಗೊಳಗೇ ಊರು ಹಂಚಿಕೊಂಡಿದ್ದಾರೆಯೇ ಎಂದು ನೋಡಲು ಇನ್ನೊಂದು. ಎರಡೂ ಇರುವುದು ನನ್ನಂಥ ಗಿರಾಕಿಗಾಗಿ. ಪಂಪಣ್ಣ ಮೊದಲನೆಯದನ್ನು ಬಳಸಿ, ಎರಡನೆಯದು ತಡೆಯಬೇಕಾದ ಕೆಲಸವನ್ನೇ ಮಾಡಿ ಮುಗಿಸಿದ. ಅದಕ್ಕೆ ಕೈ ಕೊಟ್ಟವಳು ನಾನು.

ಮಂಗಳವಾರ ಹುಲಿಗೆಮ್ಮನ ಮನೆ ಹುಡುಕಿಕೊಂಡು ಹೋದೆ. ಬೈಯುತ್ತಾಳೆ ಅಂದುಕೊಂಡಿದ್ದೆ. “ಬರ್ರಿ, ಕುಂದ್ರಿ” ಎಂದು ಚಾಪೆ ಹಾಸಿದಳು. ಲೋಟ ಮುಂದಿಟ್ಟಳು.

“ಕುಡೀರಿ ಅಕ್ಕಾರ. ಪಾಚಿ ಇಲ್ಲ.”

ತಲೆ ತಗ್ಗಿಸಿಯೇ ಕುಡಿದೆ.

“ಟೆಸ್ಟಿನ್ಯಾಗ ನೀರು ಪಾಸಾಗೈತ್ರಿ” ಅಂದಳು. “ಬದಲಿ ಕ್ಯಾನ್ ಕೊಟ್ಟಿದ್ಲು, ನಮ್ದೇನೂ ದೂರಿಲ್ಲ ಅಂತ ನೀವು ಬರ್ಕೊಟ್ರ ಬೀಗ ತೆಗೀತಾರಂತ. ಈ ತಿಂಗಳು ದಾಟಿದ್ರ ಮಷೀನು ಮಾರೋದ ನಾನು. ಬರ್ಕೊಡ್ತೀರೇನ್ರಿ?”

ಹೂಂ ಅಂದೆ. ಆದರೆ ಆಗ ತಲೆಗೆ ಬಂದದ್ದು ಅವಳ ಮಷೀನಲ್ಲ. ಪಂಪಣ್ಣ ಸಿಟ್ಟಾದರೆ ನಾಳೆ ನಮ್ಮನೆಗೆ ನೀರು ಹಾಕುವವರು ಯಾರು ಎಂಬುದು!

ಪತ್ರ ಬರೆದಾಗಿದೆ. ಮೂರು ದಿನದಿಂದ ಬ್ಯಾಗಿನಲ್ಲೇ ಇದೆ.

ಇದನ್ನು ಓದಿದವರು ದಾರಿಯಲ್ಲಿ ಸಿಕ್ಕರೆ ‘ಚೆನ್ನಾಗಿ ಬರೆದಿದ್ದೀರಿ’ ಎನ್ನಬೇಡಿ, ‘ಪತ್ರ ಕೊಟ್ಟಿರಾ?’ ಎಂದು ಕೇಳಿ.