ಅಮಾವಾಸ್ಯೆಯ ಬಿಜಾಗರಿ

ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಲ್ಲಿ, ಊರು ದಾಟಿದ ಮೇಲೆ, ಒಂದು ಬೇವಿನ ಮರದ ಕೆಳಗೆ ನಬಿಸಾಬನ ಗ್ಯಾರೇಜಿದೆ. ಗ್ಯಾರೇಜು ಎಂದರೆ ನಾಲ್ಕು ಕಂಬ, ಮೇಲೆ ತಗಡಿನ ಪತ್ರಾ, ಒಂದು ವೆಲ್ಡಿಂಗ್ ಮಶೀನು. ಬೋರ್ಡಿಲ್ಲ. ಎಂಜಿನ್ ಕೆಲಸವನ್ನು ಅವನು ಮುಟ್ಟುವುದಿಲ್ಲ. ಬ್ರೇಕು, ಗೇರು ಎಂದು ಬಂದವರನ್ನು ಎದುರಿನ ಗ್ಯಾರೇಜಿಗೆ ಕಳಿಸುತ್ತಾನೆ. ಟ್ರೇಲರಿನ ಮೇಲಿನ ಪೆಟ್ಟಿಗೆ, ಅದರ ನೆಲ, ಗೋಡೆ, ಚಾವಣಿ, ಹಿಂದಿನ ಎರಡು ಬಾಗಿಲು, ಇಷ್ಟೇ ಅವನ ಲೋಕ. ಮೂವತ್ತೈದು ವರ್ಷ ಈ ಲೋಕದಲ್ಲೇ ಇದ್ದು, ಉಳಿದ ಲೋಕದ ಬಗ್ಗೆ ಅವನಿಗೆ ಅಂಥ ಒಳ್ಳೆಯ ಅಭಿಪ್ರಾಯವೇನೂ ಇಲ್ಲ.

ನಾನು ಸಂಗಯ್ಯ. ಅಂದಪ್ಪ ಸಾವಕಾರರ ಟ್ರಾನ್ಸ್‌ಪೋರ್ಟ್ ಆಫೀಸಿನ ಮ್ಯಾನೇಜರು. ಮ್ಯಾನೇಜರು ಎನ್ನುವುದು ವಿಸಿಟಿಂಗ್ ಕಾರ್ಡಿನ ಮಾತು. ಸಾವಕಾರರಿಗೆ ಚಹಾ ತರಿಸುವುದು, ಅವರು ಹೇಳಿದ್ದಕ್ಕೆ ಹೂಂ ಅನ್ನುವುದು, ಹೇಳಲಾರದ್ದನ್ನು ಅವರ ಪರವಾಗಿ ಹೇಳುವುದು, ಇದು ಖರೆ ಕೆಲಸ. ಅಯ್ಯನೋರ ಮನೆತನದವನಾದ್ದರಿಂದ ಹನ್ನೊಂದು ಗಾಡಿಗಳ ಅಮಾವಾಸ್ಯೆ ಪೂಜೆಯೂ ನನ್ನ ಕೊರಳಿಗೇ ಬಿದ್ದಿದೆ. ಗಾಡಿ ಕೆಟ್ಟರೆ ಮ್ಯಾನೇಜರನ್ನು ಬೈಯುತ್ತಾರೆ, ಪೂಜೆ ತಡವಾದರೆ ಅಯ್ಯನೋರನ್ನು ಬೈಯುತ್ತಾರೆ, ಎರಡೂ ಬೈಗುಳಕ್ಕೆ ತಲೆ ಒಂದೇ.

ನಬಿಸಾಬ ಗಾಡಿ ತಪಾಸಣೆ ಮಾಡುವುದನ್ನು ನೋಡಲು ತಾಳ್ಮೆ ಬೇಕು. ಮೊದಲು ಕಾಲು ಕಿಲೋದ ಸಣ್ಣ ಸುತ್ತಿಗೆ ಹಿಡಿದು ಪೆಟ್ಟಿಗೆಯ ಸುತ್ತ ಬಡಿಯುತ್ತ ಬರುತ್ತಾನೆ. ಗಟ್ಟಿ ಕಬ್ಬಿಣದ ಸದ್ದು ಒಂದು, ಒಳಗೆ ತುಕ್ಕು ತಿಂದದ್ದರ ಸದ್ದು ಇನ್ನೊಂದು. ಸಂಶಯ ಬಂದ ಕಡೆ ಚಾಕ್‌ಪೀಸಿನಿಂದ ಒಂದು ದುಂಡು ಗೆರೆ ಹಾಕುತ್ತಾನೆ. ಆಮೇಲೆ ಪೆಟ್ಟಿಗೆಯೊಳಗೆ ಹೊಕ್ಕು, ಎರಡೂ ಬಾಗಿಲು ಹಾಕಿಸಿಕೊಂಡು ಕತ್ತಲಲ್ಲಿ ಕೂರುತ್ತಾನೆ. ಹೊರಗೆ ರಣಬಿಸಿಲು. ಪತ್ರಾದಲ್ಲಿ ಸೂಜಿಯಷ್ಟು ತೂತಿದ್ದರೂ ಬೆಳಕು ಒಳಗೆ ಬರುತ್ತದೆ, ಬೆಳಕು ಬಂದಲ್ಲಿ ಮುಂದೆ ಮಳೆಯೂ ಬರುತ್ತದೆ. ಒಮ್ಮೆ ನಾನೂ ಅವನ ಜೊತೆ ಕೂತಿದ್ದೆ. ಅವನು ಇಪ್ಪತ್ಮೂರು ತೂತು ಎಣಿಸಿದ. ನನಗೆ ಕಂಡದ್ದು ನನ್ನ ಬೆವರು ಮಾತ್ರ.

ಕೊನೆಗೊಂದು ಪದ್ಧತಿ ಇದೆ. ಗಾಡಿ ಸರಿ ಇದೆ ಎಂದು ಯಾರು ಹೇಳುತ್ತಾರೋ ಅವರೇ ಬಾಗಿಲು ತೆರೆದು ಮುಚ್ಚಬೇಕು. ನಬಿಸಾಬ ತಾನು ಸರಿ ಎಂದ ಗಾಡಿಯ ಬಾಗಿಲನ್ನು ತಾನೇ ತೆಗೆಯುತ್ತಾನೆ, ಅದರ ಕೆಳಗೇ ನಿಂತು ಅಲುಗಾಡಿಸುತ್ತಾನೆ. ಆಮೇಲೆ ಸಹಿ. ಇದನ್ನು ನಾವೆಲ್ಲ ಮುದುಕನ ಹುಚ್ಚು ಎಂದು ನಗುತ್ತಿದ್ದೆವು.

ನಮ್ಮ ಹನ್ನೊಂದು ಗಾಡಿಗಳಲ್ಲಿ ಒಂದು ಹಿರೇಗಾಡಿ. ಅಂದಪ್ಪ ಸಾವಕಾರರು ಕೊಂಡ ಮೊದಲ ಟ್ರೇಲರು, ಹಸಿರು ಬಣ್ಣದ್ದು. ಮೊದಲ ಬಾಡಿಗೆಗೆ ಹೊರಟ ದಿನ ಅಮಾವಾಸ್ಯೆ. ಎಡ ಬಾಗಿಲನ್ನು ಚೌಕಟ್ಟಿಗೆ ಹಿಡಿದಿಡುವ ನಾಲ್ಕು ಬಿಜಾಗರಿಗಳಲ್ಲಿ ಕೆಳಗಿನದು ಹೊರಗೆ ಚಾಚಿಕೊಂಡು ಕೈಗೆ ಸಿಗುವಂತಿತ್ತು, ನಾನು ಅದರ ಮೇಲೇ ಕಾಯಿ ಒಡೆದೆ. ಆ ಬಾಡಿಗೆ ಸುಸೂತ್ರವಾಗಿ ಮುಗಿಯಿತು. ಸಾವಕಾರರು ಡ್ರೈವರನನ್ನು ಹೊಗಳಲಿಲ್ಲ, ಟೈರನ್ನು ಹೊಗಳಲಿಲ್ಲ, ಬಿಜಾಗರಿಯನ್ನು ಹೊಗಳಿದರು. ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಅದೇ ಜಾಗ. ಕಾಯಿಯ ನೀರು, ಕುಂಕುಮ, ಎಣ್ಣೆ ಎಲ್ಲ ಅದರ ಸಂದಿಯಲ್ಲಿ ಇಳಿಯುತ್ತಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅದರ ಮೇಲೆ ಹಸಿರು ಬಣ್ಣ ಬಳಿಸುತ್ತಿದ್ದೆವು. ಕೊನೆಕೊನೆಗೆ ಅಲ್ಲಿ ಕಬ್ಬಿಣಕ್ಕಿಂತ ಬಣ್ಣವೇ ದಪ್ಪವಾಗಿತ್ತು.

ಹೋದ ವರ್ಷದಿಂದ ಆ ಬಾಗಿಲು ಜೋತುಬಿದ್ದಿತ್ತು. ಹಿರೇಗಾಡಿಯ ಡ್ರೈವರು ಅಮರೇಶ, ಬಾದಾಮಿ ಕಡೆಯ ಹುಡುಗ, ಮಾತು ಕಡಿಮೆ. ಲಾಕು ತಿರುಗಿಸಿ, ಎಡ ಹೆಗಲನ್ನು ಬಾಗಿಲ ಅಡಿಗೆ ಕೊಟ್ಟು ಎತ್ತಿದರೆ ಮಾತ್ರ ಅದು ತೆರೆಯುತ್ತದೆ ಎಂದು ಅವನು ಕಂಡುಕೊಂಡಿದ್ದ. ಅವನ ಎಲ್ಲ ಅಂಗಿಗಳ ಎಡ ಹೆಗಲಿಗೆ ಹಸಿರು ಬಣ್ಣ ಹತ್ತಿತ್ತು. ಅವನ ಹೆಂಡತಿ ಪದ್ಮಶ್ರೀ ಮೊದಲು ಸೀಮೆಎಣ್ಣೆ ಹಚ್ಚಿ ತಿಕ್ಕಿ ನೋಡಿದಳಂತೆ, ಆಮೇಲೆ ಅಲ್ಲೊಂದು ತೇಪೆ ಹಾಕಿ ಸುಮ್ಮನಾದಳಂತೆ. ನಾವು ಆಫೀಸಿನಲ್ಲಿ ಅವನಿಗೆ ಪೈಲ್ವಾನ ಎಂದು ಹೆಸರಿಟ್ಟಿದ್ದೆವು. ಒಂದೂವರೆ ಕ್ವಿಂಟಾಲಿನ ಬಾಗಿಲನ್ನು ದಿನಕ್ಕೆ ನಾಲ್ಕು ಸಲ ಹೆಗಲಿಂದ ಎತ್ತುವವನಿಗೆ ನಾವು ಕೊಟ್ಟದ್ದು ಅಷ್ಟೇ, ಒಂದು ಹೆಸರು.

ಈ ಸಲ ಬಾಗಲಕೋಟೆಯ ಒಂದು ಬೀಜದ ಕಂಪನಿಯವರು ವರ್ಷಪೂರ್ತಿ ಬಾಡಿಗೆ ಕೊಡಲು ಒಪ್ಪಿದ್ದರು. ಒಂದೇ ಕರಾರು: ಪ್ರತಿ ಗಾಡಿಯ ಬಾಡಿ, ಬಾಗಿಲು ನೋಡಿ ಮೇಸ್ತ್ರಿ ಸಹಿ ಮಾಡಿದ ಕಾಗದ ಬೇಕು. ಹತ್ತು ಗಾಡಿಗೆ ಸಹಿಯಾಯಿತು. ಸೋಮವಾರ ಹಿರೇಗಾಡಿಯ ಸರದಿ.

ನಬಿಸಾಬ ಎಡ ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಳಗಿನ ಬಿಜಾಗರಿಯನ್ನು ಉಳಿಯಿಂದ ಕೆರೆದ. ಹಸಿರು ಪದರು ಎದ್ದು ಬಂತು, ಅದರ ಹಿಂದೆ ಕೆಂಪು ಹುಡಿ, ಆ ಹುಡಿಯಲ್ಲಿ ತೆಂಗಿನ ನಾರು. ನಾರನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ನೋಡಿದ.

"ಅಯ್ಯಾರ, ಇಲ್ಲಿ ಎಷ್ಟು ಕಾಯಿ ಒಡದೀರಿ?"

ಒಂಬತ್ತು ವರ್ಷ, ವರ್ಷಕ್ಕೆ ಹನ್ನೆರಡು. ಬರುವ ಗುರುವಾರದ್ದು ಸೇರಿದರೆ ನೂರೆಂಟು ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಪ್ರತಿ ಅಮಾವಾಸ್ಯೆಗೂ ಅರ್ಧ ಹೋಳು ತನ್ನ ಮನೆಗೂ ಬಂದಿದೆ, ಹೆಂಡತಿ ಮಾಬುಬಿ ಚಟ್ನಿ ಅರೆದಿದ್ದಾಳೆ, ತಾನು ತಿಂದಿದ್ದೇನೆ, ಎಲ್ಲಿ ಒಡೆದದ್ದು ಎಂದು ಒಂದು ದಿನವೂ ಕೇಳಲಿಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ. ಆಮೇಲೆ ನಾಲ್ಕು ಕಡೆ ಚಾಕ್‌ಪೀಸಿನ ಗೆರೆ ಹಾಕಿ ಸಾವಕಾರರಿಗೆ ಹೇಳಿದ:

"ಕೆಳಗಿಂದು ಸತ್ತೈತ್ರಿ. ಅದರ ಮ್ಯಾಲಿಂದು ಸೀಳೈತಿ. ಆ ಭಾರ ಎಲ್ಲಾ ಮ್ಯಾಲಿನ ಎರಡಕ್ಕ ಬಿದ್ದು, ಅವೂ ಸಡ್ಲ ಆಗ್ಯಾವ. ಕದಾ ಇಳಿಸಿ ನಾಕೂ ಬಿಜಾಗ್ರಿ ಬದಲಿ ಮಾಡಬೇಕು. ಮೂರು ದಿನ ಬೇಕು. ಹಂಗ ಬಿಟ್ರ, ತಗಿಯಾವನ ಮ್ಯಾಲೆ ಬೀಳ್ತೈತಿ."

"ಒಂಬತ್ತು ವರ್ಷ ಬಿದ್ದಿಲ್ಲ ಕಾಕಾ," ಎಂದರು ಅಂದಪ್ಪ ಸಾವಕಾರರು. "ಈಗ ಬೀಳ್ತೈತೇನು?"

ಇಂಥ ತರ್ಕಕ್ಕೆ ಉತ್ತರ ಕೊಡುವ ಅಭ್ಯಾಸ ನಬಿಸಾಬನಿಗಿಲ್ಲ. ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಚಹಾಕ್ಕೆ ಹೋದ. ಗಾಡಿಯನ್ನು ನಾವು ವಾಪಸ್ ತಂದೆವು. ಆ ಮೂರು ದಿನವೂ ಅಮರೇಶ ಅದನ್ನೇ ಓಡಿಸಿದ, ಅದೇ ಬಾಗಿಲನ್ನು ಅದೇ ಹೆಗಲಿಂದ ಎತ್ತಿದ.

ಈಗ ನನ್ನ ಪರಾಕ್ರಮ ಹೇಳುತ್ತೇನೆ. ಬುಧವಾರ ಸಂಜೆ ಸಾವಕಾರರು ನನ್ನನ್ನು ಕರೆದು, ನಾಳೆ ಅಮಾವಾಸ್ಯೆ, ಪೂಜೆಯನ್ನು ನಬಿಸಾಬನ ಗ್ಯಾರೇಜಿನ ಮುಂದೆಯೇ ಮಾಡಿಬಿಡೋಣ, ಸಹಿಯೂ ಆಗುತ್ತದೆ, ಅಲ್ಲಿಂದಲೇ ಗಾಡಿ ಲೋಡಿಗೆ ಹೋಗಲಿ ಎಂದರು. ಚಾಕ್‌ಪೀಸಿನ ಗೆರೆಗಳ ಬಗ್ಗೆ ಅವರು ಏನೂ ಹೇಳಲಿಲ್ಲ. ಹೇಳದೆ ತಿಳಿದುಕೊಳ್ಳುವುದಕ್ಕೇ ನನಗೆ ಪಗಾರ. ಒದ್ದೆ ಬಟ್ಟೆ ತೆಗೆದುಕೊಂಡು ನಾಲ್ಕೂ ಗೆರೆ ಒರೆಸಿದೆ. ಕೆರೆದ ಜಾಗಕ್ಕೆ ಡಬ್ಬಿಯಲ್ಲಿ ಉಳಿದಿದ್ದ ಹಸಿರು ಬಣ್ಣವನ್ನು ನನ್ನ ಕೈಯಾರೆ ಬಳಿದೆ. ಬಹಳ ಚೆಂದ ಕಂಡಿತು.

ಗುರುವಾರ ಬೆಳಿಗ್ಗೆ ಗಾಡಿಗೆ ಹೂವಿನ ಹಾರ ಹಾಕಿ, ಊದುಬತ್ತಿ ಹಚ್ಚಿ, ಕಾಯಿ ಕೈಯಲ್ಲಿ ಹಿಡಿದು ನಿಂತೆ. ಸಾವಕಾರರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿದ್ದರು. ನಬಿಸಾಬ ಬಂದು ಬಾಗಿಲು ನೋಡಿದ. ಕೆಲಸ ಮಾಡಿದವರು ಯಾರು ಎಂದು ಕೇಳಿದ. ಬಾಗಲಕೋಟೆಯಲ್ಲಿ ಮಾಡಿಸಿದೆವು ಎಂದು ನಾನು, ಹಣೆಯ ಮೇಲೆ ವಿಭೂತಿ ಇಟ್ಟುಕೊಂಡೇ, ಹೇಳಿದೆ. ಅವನು ಬಿಜಾಗರಿಯ ಮೇಲೆ ಬೆರಳಿಟ್ಟು ತೆಗೆದ. ಬೆರಳಿಗೆ ಹಸಿರು ಹತ್ತಿತ್ತು. ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಕಾಗದ, ಪೆನ್ನು ಕೊಡಿ ಎಂದ. ನಮಗೆ ಆಶ್ಚರ್ಯವೂ ಆಯಿತು, ಸಮಾಧಾನವೂ ಆಯಿತು.

"ಸಹಿ ಮಾಡ್ತೇನ್ರಿ," ಎಂದ. "ಸರಿ ಐತಿ ಅಂದವರು ಕದಾ ತಗೀರಿ."

ಸಾವಕಾರರು ನಗುತ್ತ ಎರಡು ಹೆಜ್ಜೆ ಹಾಕಿದರು. ಲಾಕಿನ ಮೇಲೆ ಕೈಯಿಟ್ಟರು. ಆಮೇಲೆ ತಲೆ ಎತ್ತಿ ಬಾಗಿಲಿನ ಮೇಲ್ತುದಿ ನೋಡಿದರು. ಒಂಬತ್ತು ವರ್ಷದಲ್ಲಿ ಆ ಬಾಗಿಲನ್ನು ಅಷ್ಟು ಹತ್ತಿರದಿಂದ ಅವರು ನೋಡಿದ್ದು ಅದೇ ಮೊದಲಿರಬೇಕು. ಬಿಳಿ ಅಂಗಿ ಹೊಲಸಾಗುತ್ತದೆ ಎಂದು ಅವರಿಗೆ ಆಗ ನೆನಪಾಯಿತು.

"ಸಂಗಯ್ಯಾ, ನೀ ತಗಿ."

ನಾನು ಕೈಯಲ್ಲಿದ್ದ ಕಾಯಿ ತೋರಿಸಿದೆ. ಪೂಜೆಯ ಕಾಯಿಯನ್ನು ನೆಲಕ್ಕಿಡಬಾರದು ಎಂದೆ. ಹಾಗೊಂದು ನಿಯಮವಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಆ ಕ್ಷಣಕ್ಕೆ ಹೊಳೆಯಿತು. ಒಂಬತ್ತು ವರ್ಷ ಆ ಬಾಗಿಲು ಗಟ್ಟಿ ಇದೆ ಎಂದು ಸಾರಿದ ಇಬ್ಬರು ಗಂಡಸರು ಅದರಿಂದ ಮೂರು ಮಾರು ದೂರ ನಿಂತಿದ್ದೆವು.

ಅಷ್ಟರಲ್ಲಿ ಅಮರೇಶ ಬಂದ. ಅವನನ್ನು ಯಾರೂ ಕರೆದಿರಲಿಲ್ಲ. ಲೋಡಿಗೆ ಹೊತ್ತಾಗುತ್ತಿತ್ತು, ಬಾಗಿಲು ತೆಗೆಯಬೇಕಿತ್ತು, ಬಾಗಿಲು ತೆಗೆಯುವುದು ಅವನ ಕೆಲಸ. ಲಾಕು ತಿರುಗಿಸಿ, ಮುಖ ಆ ಕಡೆ ಮಾಡಿ, ಎಡ ಹೆಗಲನ್ನು ಅಡಿಗೆ ಕೊಟ್ಟ. ನಬಿಸಾಬ ಅಷ್ಟು ಜೋರಾಗಿ ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ. ಒಂದು ಕೈಯಿಂದ ಲಾಕನ್ನು ಮತ್ತೆ ಕೂರಿಸಿ, ಇನ್ನೊಂದು ಕೈಯಿಂದ ಹುಡುಗನ ರಟ್ಟೆ ಹಿಡಿದು ಈಚೆಗೆ ಎಳೆದ. ಸಾವಕಾರರ ಮುಂದೆ ತಂದು ನಿಲ್ಲಿಸಿದ. ಕಿಸೆಯಿಂದ ಚಾಕ್‌ಪೀಸು ತೆಗೆದು, ಆ ತೇಪೆಯ ಮೇಲೆ, ಹಸಿರು ಕಲೆಯ ಸುತ್ತ, ನಿಧಾನವಾಗಿ ಒಂದು ದುಂಡು ಗೆರೆ ಹಾಕಿದ.

"ನಾಕು ಬಿಜಾಗ್ರಿ ಅಂದಿದ್ದೆ ಸಾವಕಾರ್ರ, ನಂದು ತಪ್ಪಾತು," ಎಂದ. "ಐದು ಅದಾವ. ನಿಮ್ಮ ಕದಾ ಒಂದು ವರ್ಷದಿಂದ ಹಿಡದದ್ದು ಈ ಐದನೇದ್ದು."

ಸಾವಕಾರರು ಆ ಹೆಗಲನ್ನು ನೋಡುತ್ತಲೇ ನಿಂತರು. ನನಗೆ ನಾಚಿಕೆಯಾಯಿತು. ಕೊನೆಗೆ ಸಾವಕಾರರು ಬಾಗಿಲು ಇಳಿಸಿ ಎಂದು ಸಣ್ಣ ದನಿಯಲ್ಲಿ ಹೇಳಿ, ಆ ಕಡೆ ಹೋಗಿ ಕಂಪನಿಗೆ ಫೋನು ಹಚ್ಚಿದರು. ಬಾಗಿಲು ಕೆಟ್ಟಿದೆ ಎಂದು ಹೇಳಿದರೆಂದು ತಿಳಿಯಬೇಡಿ. ಅಮಾವಾಸ್ಯೆ ದಿನ ನಮ್ಮ ಗಾಡಿ ಊರು ಬಿಡುವ ಪದ್ಧತಿ ಇಲ್ಲ ಎಂದರು.

ನಬಿಸಾಬ ಬಾಗಿಲಿಗೆ ಸರಪಳಿ ಬಿಗಿದು ಮೇಲಿನ ರಾಟೆಗೆ ಸಿಕ್ಕಿಸಿದ. ಲಾಕು ತಿರುಗಿಸಿ, ಮೇಲಿನ ಬೋಲ್ಟಿಗೆ ಪಾನಾ ಹಚ್ಚುವುದರೊಳಗೆ ಅದು ತಾನಾಗಿಯೇ ಕಿತ್ತು ಬಂತು. ಇಡೀ ಬಾಗಿಲು ಸರಪಳಿಯಲ್ಲಿ ತೂಗಾಡಿತು, ಅಮರೇಶ ದಿನಾ ನಿಲ್ಲುವ ಜಾಗದಲ್ಲೇ. ಅವನು ಅದನ್ನು ನೋಡಿ ತನ್ನ ಹೆಗಲು ಮುಟ್ಟಿ ನೋಡಿಕೊಂಡ.

ನನ್ನ ಹತ್ತಿರ ನಿನ್ನೆಯ ಒದ್ದೆ ಬಟ್ಟೆ ಇತ್ತು. ಅಭ್ಯಾಸಬಲ. ಅವನ ಅಂಗಿಯ ಮೇಲಿನ ಗೆರೆ ಒರೆಸಲು ಹೋದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಇರಲಿ ಬಿಡ್ರಿ ಅಯ್ಯಾರ," ಎಂದ. "ಮನ್ಯಾಗ ತೋರಸ್ತೇನಿ."

ಬಟ್ಟೆ ಮಡಚಿ ಕಿಸೆಯಲ್ಲಿಟ್ಟುಕೊಂಡೆ. ನೂರೆಂಟನೆಯ ಕಾಯಿ ಇನ್ನೂ ನನ್ನ ಕೈಯಲ್ಲೇ ಇತ್ತು.